ಕಸದಿಂದ ರಸ: ಲುಡ್ವಿಗ್ ಮಾಂಡ್ ಅವರ ಕಥೆ

ಸೆಕೆಂಡ್ ಪಿಯುಸಿ ಸೈನ್ಸ್ ಮಾಡಿದವರಿಗೆಲ್ಲ ಮಾಂಡ್ ಪ್ರೋಸೆಸ್ ಒಂದು ಸಲ ಆದ್ರೂ ಕಣ್ಣಿಗೆ ಬಿದ್ದಿರುತ್ತೆ. ಅಶುದ್ಧ ನಿಕಲ್ ಮೇಲೆ ಕಾರ್ಬನ್ ಮಾನಾಕ್ಸೈಡ್ ಹಾಯಿಸಿದರೆ ನಿಕಲ್ ಟೆಟ್ರಾಕಾರ್ಬೊನಿಲ್ ಅನ್ನೋ ಆವಿ ಬರುತ್ತೆ. ಆ ಆವಿಯನ್ನು ಇನ್ನಷ್ಟು ಬಿಸಿ ಮಾಡಿದರೆ ಶುದ್ಧ ನಿಕಲ್ ಸಿಗುತ್ತೆ. ಎರಡು ಈಕ್ವೇಶನ್, ಎರಡು ಟೆಂಪರೇಚರ್, ಸಿಇಟಿಗೆ ಬಂದರೆ ಒಂದು ಮಾರ್ಕ್. ಅಲ್ಲಿಗೆ ಮಾಂಡ್ ಅವರ ಪರಿಚಯ ಮುಗೀತು.

ಆದರೆ ಆ ಎರಡು ಸಾಲಿನ ಹಿಂದೆ ಇರೋ ಮನುಷ್ಯನ ಜೀವನ ಓದಿದರೆ ಒಂದು ವಿಷಯ ಮತ್ತೆ ಮತ್ತೆ ಕಾಣುತ್ತೆ. ಇವರು ಯಾವ ಫ್ಯಾಕ್ಟರಿಗೆ ಹೋದರೂ ಮೊದಲು ನೋಡ್ತಿದ್ದದ್ದು ಅಲ್ಲಿ ಏನು ತಯಾರಾಗುತ್ತೆ ಅಂತ ಅಲ್ಲ, ಅಲ್ಲಿ ಏನು ವೇಸ್ಟ್ ಆಗ್ತಿದೆ ಅಂತ. ನಮ್ಮಲ್ಲಿ ಕಸದಿಂದ ರಸ ಅಂತಾರಲ್ಲ, ಅದನ್ನೇ ಇವರು ಕೆಮಿಸ್ಟ್ರಿಯಲ್ಲಿ ಜೀವನಪೂರ್ತಿ ಮಾಡಿದರು. ಲೋಹವನ್ನು ಅನಿಲ ಮಾಡಿ ಪೈಪ್‌ನಲ್ಲಿ ಸಾಗಿಸಬಹುದು ಅಂತ ಜಗತ್ತಿಗೆ ಗೊತ್ತಾಗಿದ್ದು ಕೂಡ ಹೀಗೇ, ಹಾಳಾದ ಒಂದು ವಾಲ್ವ್‌ನಿಂದ.

ಡಿಗ್ರಿ ಇಲ್ಲದ ಕೆಮಿಸ್ಟ್

ಲುಡ್ವಿಗ್ ಮಾಂಡ್ ಹುಟ್ಟಿದ್ದು 1839ರ ಮಾರ್ಚ್ 7ರಂದು, ಜರ್ಮನಿಯ ಕಾಸೆಲ್ ಅನ್ನೋ ಊರಲ್ಲಿ, ಒಂದು ಯಹೂದಿ ಕುಟುಂಬದಲ್ಲಿ. ಅಲ್ಲಿನ ಪಾಲಿಟೆಕ್ನಿಕ್‌ನಲ್ಲಿ ಓದಿ, ಆಮೇಲೆ ಮಾರ್ಬರ್ಗ್‌ನಲ್ಲಿ ಹರ್ಮನ್ ಕೋಲ್ಬೆ ಅವರ ಹತ್ತಿರ, ನಂತರ ಹೈಡೆಲ್‌ಬರ್ಗ್‌ನಲ್ಲಿ ರಾಬರ್ಟ್ ಬುನ್ಸೆನ್ ಅವರ ಹತ್ತಿರ ಕೆಮಿಸ್ಟ್ರಿ ಕಲಿತರು. ಹೌದು, ನಮ್ಮ ಲ್ಯಾಬ್‌ನ ಬುನ್ಸೆನ್ ಬರ್ನರ್‌ಗೆ ಹೆಸರು ಕೊಟ್ಟ ಅದೇ ಬುನ್ಸೆನ್.

ಬುನ್ಸೆನ್ ಬರೀ ಪ್ರಯೋಗಶಾಲೆಯ ಮೇಷ್ಟ್ರಲ್ಲ. ಕಬ್ಬಿಣ ಕರಗಿಸುವ ದೊಡ್ಡ ಕುಲುಮೆಗಳ ಬಾಯಿಂದ ಹೊರಗೆ ಹೋಗೋ ಅನಿಲಗಳನ್ನು ಹಿಡಿದು ಅಳೆದು, ಇದ್ದಿಲಿನ ಶಕ್ತಿ ಎಷ್ಟು ಸುಮ್ಮನೆ ಗಾಳಿಗೆ ಹೋಗ್ತಿದೆ ಅಂತ ಲೆಕ್ಕ ಹಾಕಿ ತೋರಿಸಿದವರು. ಜ್ವಾಲೆಯ ಬಣ್ಣ ನೋಡಿ ಅದರಲ್ಲಿ ಯಾವ ಧಾತು ಇದೆ ಅಂತ ಹೇಳೋ ವಿದ್ಯೆಯನ್ನು ಬೆಳೆಸಿದವರೂ ಅವರೇ. ಹೊರಗೆ ಹೋಗೋ ಅನಿಲವನ್ನು ಗಮನಿಸು, ಜ್ವಾಲೆಯ ಬಣ್ಣ ಗಮನಿಸು. ಈ ಎರಡು ಪಾಠ ಮುಂದೆ ಮಾಂಡ್ ಅವರಿಗೆ ಒಂದೇ ದಿನ ಕೆಲಸಕ್ಕೆ ಬಂದವು, ಅದನ್ನ ಆಮೇಲೆ ಹೇಳ್ತೀನಿ.

1859ರಲ್ಲಿ ಮಾಂಡ್ ಯೂನಿವರ್ಸಿಟಿ ಬಿಟ್ಟರು. ಡಿಗ್ರಿ ತಗೊಳ್ಳಲೇ ಇಲ್ಲ. ಆಮೇಲೆ ಹೈಡೆಲ್‌ಬರ್ಗ್, ಆಕ್ಸ್‌ಫರ್ಡ್ ಎಲ್ಲ ಕರೆದು ಗೌರವ ಡಾಕ್ಟರೇಟ್ ಕೊಟ್ಟವು ಅನ್ನೋದು ಬೇರೆ ಮಾತು. ಆಗ ಮಾತ್ರ ಇಪ್ಪತ್ತು ವರ್ಷದ ಹುಡುಗ ಸರ್ಟಿಫಿಕೇಟ್ ಇಲ್ಲದೆ ಸೀದಾ ಫ್ಯಾಕ್ಟರಿ ಕೆಲಸಕ್ಕೆ ಇಳಿದ. ಅಂದರೆ ಹೆಚ್ಚುಕಡಿಮೆ ನಮ್ಮ ವಯಸ್ಸು.

ಗಬ್ಬು ನಾರುವ ಗುಡ್ಡಗಳು

ಆ ಕಾಲದಲ್ಲಿ ಕೆಮಿಕಲ್ ಇಂಡಸ್ಟ್ರಿ ಅಂದರೆ ಮುಖ್ಯವಾಗಿ ಸೋಡಾ, ಅಂದರೆ ಸೋಡಿಯಂ ಕಾರ್ಬೊನೇಟ್. ಗಾಜು, ಸೋಪು, ಕಾಗದ, ಬಟ್ಟೆ, ಯಾವುದಕ್ಕೂ ಅದು ಬೇಕೇ ಬೇಕು. ಅದನ್ನ ತಯಾರಿಸ್ತಿದ್ದದ್ದು ಲೆಬ್ಲಾಂಕ್ ವಿಧಾನದಲ್ಲಿ. ಉಪ್ಪಿಗೆ ಸಲ್ಫ್ಯೂರಿಕ್ ಆಸಿಡ್ ಹಾಕಿ ಸೋಡಿಯಂ ಸಲ್ಫೇಟ್ ಮಾಡೋದು, ಅದನ್ನ ಕಲ್ಲಿದ್ದಲು ಮತ್ತು ಸುಣ್ಣದ ಕಲ್ಲಿನ ಜೊತೆ ಹುರಿದು ಸೋಡಾ ತೆಗೆಯೋದು. ಕೊನೆಗೆ ಉಳಿಯೋದು ಕ್ಯಾಲ್ಸಿಯಂ ಸಲ್ಫೈಡ್ ತುಂಬಿದ ಕಪ್ಪು ಗಸಿ. ಅದನ್ನ ಫ್ಯಾಕ್ಟರಿ ಪಕ್ಕದಲ್ಲೇ ಗುಡ್ಡೆ ಹಾಕ್ತಿದ್ದರು. ಮಳೆ ಬಿದ್ದರೆ ಸಾಕು, ಅದರಿಂದ ಹೈಡ್ರೋಜನ್ ಸಲ್ಫೈಡ್ ಎದ್ದು ಊರೆಲ್ಲ ಕೊಳೆತ ಮೊಟ್ಟೆಯ ವಾಸನೆ.

ಊರಿನವರಿಗೆ ಅದು ವಾಸನೆ. ಮಾಂಡ್ ಅವರಿಗೆ ಅದು ಗಂಧಕ. ದುಡ್ಡು ಕೊಟ್ಟು ತಂದ ಗಂಧಕದಿಂದ ಆಸಿಡ್ ಮಾಡಿ, ಕೊನೆಗೆ ಆ ಗಂಧಕವನ್ನೆಲ್ಲ ಗುಡ್ಡಕ್ಕೆ ಸುರಿಯೋದು ಅಂದರೆ ಹಣವನ್ನೇ ಸುರಿದ ಹಾಗೆ. ಕಾಸೆಲ್ ಹತ್ತಿರದ ಒಂದು ಸಣ್ಣ ಸೋಡಾ ಫ್ಯಾಕ್ಟರಿಯಲ್ಲಿ ಕೆಲಸ ಮಾಡುವಾಗಲೇ ಅವರು ಆ ಗಸಿಗೆ ಗಾಳಿ ಹಾಯಿಸಿ, ಆಮೇಲೆ ಆಸಿಡ್ ಹಾಕಿ, ಒಂದಷ್ಟು ಗಂಧಕವನ್ನು ವಾಪಸ್ ತೆಗೆಯೋ ದಾರಿ ಕಂಡುಕೊಂಡರು. ಅದನ್ನ ಮಾರೋದಕ್ಕೆ 1862ರಲ್ಲಿ ಇಂಗ್ಲೆಂಡಿನ ವಿಡ್ನೆಸ್‌ಗೆ ಬಂದು ಜಾನ್ ಹಚಿನ್ಸನ್ ಅವರ ಫ್ಯಾಕ್ಟರಿ ಸೇರಿದರು. ನಡುವೆ ಕೆಲವು ವರ್ಷ ಹಾಲೆಂಡಿನ ಉಟ್ರೆಕ್ಟ್‌ನಲ್ಲೂ ಕೆಲಸ ಮಾಡಿದರು. 1866ರಲ್ಲಿ ಸಂಬಂಧಿಯೇ ಆದ ಫ್ರೀಡಾ ಲೋವೆನ್‌ಥಾಲ್ ಜೊತೆ ಮದುವೆ ಆಯ್ತು. ಮರುವರ್ಷ ಮತ್ತೆ ವಿಡ್ನೆಸ್‌ಗೆ ಬಂದು ನೆಲೆ ನಿಂತರು. ಮಕ್ಕಳಾದ ರಾಬರ್ಟ್ ಮತ್ತು ಆಲ್ಫ್ರೆಡ್ ಹುಟ್ಟಿದ್ದು ಅಲ್ಲೇ.

ಹಚಿನ್ಸನ್ ಫ್ಯಾಕ್ಟರಿಯ ಆಫೀಸಿನಲ್ಲಿ ಜಾನ್ ಬ್ರನ್ನರ್ ಅನ್ನೋ ಯುವಕ ಕೆಲಸ ಮಾಡ್ತಿದ್ದರು. ಒಬ್ಬರಿಗೆ ಲೆಕ್ಕಪತ್ರ, ವ್ಯವಹಾರ ಗೊತ್ತು. ಇನ್ನೊಬ್ಬರಿಗೆ ಕೆಮಿಸ್ಟ್ರಿ ಗೊತ್ತು. ಇಬ್ಬರೂ ಸೇರಿ ಸ್ವಂತ ಕಂಪನಿ ಮಾಡೋಣ ಅಂತ ಹೊರಟರು.

1872ರಲ್ಲಿ ಮಾಂಡ್ ಬೆಲ್ಜಿಯಂಗೆ ಹೋಗಿ ಅರ್ನೆಸ್ಟ್ ಸಾಲ್ವೆ ಅವರನ್ನು ಕಂಡರು. ಫಸ್ಟ್ ಪಿಯುಸಿಯ ಸಾಲ್ವೆ ಪ್ರೋಸೆಸ್ ನೆನಪಿರಬೇಕಲ್ಲ? ಉಪ್ಪುನೀರಿಗೆ ಅಮೋನಿಯಾ ಕರಗಿಸಿ, ಕಾರ್ಬನ್ ಡೈಆಕ್ಸೈಡ್ ಹಾಯಿಸಿದರೆ ಸೋಡಿಯಂ ಬೈಕಾರ್ಬೊನೇಟ್ ತಳಕ್ಕೆ ಬೀಳುತ್ತೆ. ಅದನ್ನ ಕಾಯಿಸಿದರೆ ಸೋಡಾ. ಗಬ್ಬು ನಾರುವ ಗಸಿ ಇಲ್ಲ, ಅಮೋನಿಯಾವನ್ನು ಸುಣ್ಣ ಹಾಕಿ ವಾಪಸ್ ಪಡೀಬಹುದು. ಮಾಂಡ್ ಅವರಿಗೆ ಇದು ತಕ್ಷಣ ಹಿಡಿಸಿತು. ಇಂಗ್ಲೆಂಡಿಗೆ ಲೈಸೆನ್ಸ್ ತಗೊಂಡು, ಸಾಲ ಸೋಲ ಮಾಡಿ, 1873ರಲ್ಲಿ ಚೆಶೈರ್‌ನ ವಿನ್ನಿಂಗ್ಟನ್‌ನಲ್ಲಿ ಬ್ರನ್ನರ್ ಮಾಂಡ್ ಕಂಪನಿ ಶುರು ಮಾಡಿದರು. ಚೆಶೈರ್ ಆರಿಸಿಕೊಂಡಿದ್ದು ಅಲ್ಲಿ ನೆಲದ ಕೆಳಗೇ ಉಪ್ಪು ಇದೆ ಅಂತ.

ಪೇಪರ್ ಮೇಲೆ ಸುಲಭ ಇದ್ದದ್ದು ಪ್ಲಾಂಟ್‌ನಲ್ಲಿ ಸುಲಭ ಆಗಲಿಲ್ಲ. ಮೊದಲ ವರ್ಷಗಳಲ್ಲಿ ಪೈಪ್ ಕಟ್ಟಿಕೊಳ್ಳೋದು, ಟವರ್ ಒಡೆಯೋದು, ಅಮೋನಿಯಾ ಸೋರೋದು ಇದೇ ಆಗ್ತಿತ್ತು. ಅಮೋನಿಯಾ ಆಗ ತುಂಬಾ ದುಬಾರಿ. ಅದು ಸೋರಿದರೆ ಲಾಭವೇ ಸೋರಿದ ಹಾಗೆ. ಮಾಂಡ್ ಪ್ಲಾಂಟ್ ಪಕ್ಕದ ವಿನ್ನಿಂಗ್ಟನ್ ಹಾಲ್‌ನಲ್ಲೇ ಮನೆ ಮಾಡಿಕೊಂಡು, ಹಗಲು ರಾತ್ರಿ ಒಂದೊಂದೇ ಸೋರಿಕೆಯನ್ನು ಹುಡುಕಿ ಮುಚ್ಚಿದರು. 1880ರ ಹೊತ್ತಿಗೆ ಕಂಪನಿ ನಿಜವಾಗಿ ಲಾಭಕ್ಕೆ ಬಂತು. ಮುಂದೆ ಅದು ಜಗತ್ತಿನ ಅತಿ ದೊಡ್ಡ ಸೋಡಾ ತಯಾರಕ ಆಯ್ತು.

ಮಾಲೀಕರಾಗಿ ಅವರು ಕಟ್ಟುನಿಟ್ಟಿನ ಮನುಷ್ಯ, ಕೋಪವೂ ಜಾಸ್ತಿ. ಆದರೂ 1884ರಲ್ಲೇ ಕಾರ್ಮಿಕರಿಗೆ ವಾರದ ಸಂಬಳ ಸಹಿತ ರಜೆ ಬಂತು, 1889ರಲ್ಲಿ ಹನ್ನೆರಡು ಗಂಟೆಯ ಶಿಫ್ಟ್ ಎಂಟು ಗಂಟೆಗೆ ಇಳೀತು. ಆ ಕಾಲದ ಇಂಗ್ಲೆಂಡಿನಲ್ಲಿ ಇದು ಸಣ್ಣ ವಿಷಯ ಅಲ್ಲ.

ಹಾಳಾದ ವಾಲ್ವ್

ಸಾಲ್ವೆ ವಿಧಾನದಲ್ಲೂ ಒಂದು ವೇಸ್ಟ್ ಉಳಿದಿತ್ತು. ಉಪ್ಪು ಅಂದರೆ ಸೋಡಿಯಂ ಮತ್ತು ಕ್ಲೋರಿನ್. ಸೋಡಿಯಂ ಸೋಡಾಕ್ಕೆ ಹೋಯ್ತು, ಕ್ಲೋರಿನ್ ಮಾತ್ರ ಕ್ಯಾಲ್ಸಿಯಂ ಕ್ಲೋರೈಡ್ ಆಗಿ ಚರಂಡಿ ಪಾಲು. ಲೆಬ್ಲಾಂಕ್‌ನವರು ತಮ್ಮ ಕ್ಲೋರಿನ್‌ನಿಂದ ಬ್ಲೀಚಿಂಗ್ ಪೌಡರ್ ಮಾಡಿ ಮಾರಿ ಬದುಕ್ತಿದ್ದರು. ಮಾಂಡ್ ಸುಮ್ಮನೆ ಇರ್ತಾರಾ? ಮಧ್ಯದಲ್ಲಿ ಸಿಗೋ ಅಮೋನಿಯಂ ಕ್ಲೋರೈಡನ್ನು ಆವಿ ಮಾಡಿ, ಬಿಸಿ ಲೋಹದ ಆಕ್ಸೈಡ್ ಮೇಲೆ ಹಾಯಿಸಿ, ಅಮೋನಿಯಾ ಒಂದು ಕಡೆ, ಕ್ಲೋರಿನ್ ಇನ್ನೊಂದು ಕಡೆ ಬರೋ ಹಾಗೆ ಮಾಡೋಕೆ ಹೊರಟರು.

ಬಿಸಿ ಅಮೋನಿಯಂ ಕ್ಲೋರೈಡ್ ಆವಿ ಹೆಚ್ಚಿನ ಲೋಹಗಳನ್ನು ತಿಂದು ಹಾಕುತ್ತೆ. ಅದಕ್ಕೆ ವಾಲ್ವ್‌ಗಳನ್ನು ನಿಕಲ್‌ನಿಂದ ಮಾಡಿಸಿದರು. ಲ್ಯಾಬ್ ಟೆಸ್ಟ್‌ನಲ್ಲಿ ನಿಕಲ್‌ಗೆ ಏನೂ ಆಗಿರಲಿಲ್ಲ. ಪ್ಲಾಂಟ್‌ನಲ್ಲಿ ಮಾತ್ರ ಅದೇ ನಿಕಲ್ ವಾಲ್ವ್‌ಗಳ ಮೇಲೆ ಕಪ್ಪು ಪದರ ಬಂದು ಲೀಕ್ ಆಗೋಕೆ ಶುರುವಾಯ್ತು.

ಇಂಥ ಜಾಗದಲ್ಲಿ ಸಾಮಾನ್ಯವಾಗಿ ಏನು ಮಾಡ್ತಾರೆ? ವಾಲ್ವ್ ಬದಲಾಯಿಸ್ತಾರೆ, ಬೇರೆ ಮೆಟೀರಿಯಲ್ ಹುಡುಕ್ತಾರೆ. ಮಾಂಡ್ ಕೇಳಿದ್ದು ಬೇರೆ ಪ್ರಶ್ನೆ. ಲ್ಯಾಬ್‌ನಲ್ಲಿ ಇಲ್ಲದ್ದು ಪ್ಲಾಂಟ್‌ನಲ್ಲಿ ಏನಿದೆ? ಹುಡುಕಿದಾಗ ಸಿಕ್ಕ ವ್ಯತ್ಯಾಸ ಇಷ್ಟು. ಉಳಿದ ಅಮೋನಿಯಾವನ್ನು ಗುಡಿಸಿ ಹೊರತೆಗೆಯೋಕೆ ಲ್ಯಾಬ್‌ನಲ್ಲಿ ಶುದ್ಧ ಕಾರ್ಬನ್ ಡೈಆಕ್ಸೈಡ್ ಬಳಸಿದ್ದರು. ಪ್ಲಾಂಟ್‌ನಲ್ಲಿ ಬಳಸ್ತಿದ್ದದ್ದು ಸುಣ್ಣದ ಭಟ್ಟಿಯಿಂದ ಬಂದ ಅನಿಲ. ಅದರಲ್ಲಿ ಸ್ವಲ್ಪ ಕಾರ್ಬನ್ ಮಾನಾಕ್ಸೈಡ್ ಬೆರೆತಿತ್ತು. ಕಪ್ಪು ಪದರದಲ್ಲಿ ಇದ್ದದ್ದು ಕಾರ್ಬನ್. ಅಂದರೆ ನಿಕಲ್ ಮತ್ತು ಕಾರ್ಬನ್ ಮಾನಾಕ್ಸೈಡ್ ನಡುವೆ ಏನೋ ನಡೀತಿದೆ.

ಇದೇ ಸಮಯಕ್ಕೆ ಇನ್ನೊಂದು ದಾರಿಯಿಂದಲೂ ಅವರು ಇದೇ ಜೋಡಿಯ ಹತ್ತಿರ ಬಂದಿದ್ದರು. ಅಗ್ಗದ ಕಲ್ಲಿದ್ದಲಿನಿಂದ ತಾವು ತಯಾರಿಸಿದ ಅನಿಲವನ್ನು ಬಳಸಿ ಸೀದಾ ಕರೆಂಟ್ ತೆಗೆಯೋ ಗ್ಯಾಸ್ ಬ್ಯಾಟರಿ, ಅಂದರೆ ಇವತ್ತಿನ ಫ್ಯೂಯಲ್ ಸೆಲ್‌ನ ಅಜ್ಜ, ಅದರ ಮೇಲೆ ಅವರು ಮತ್ತು ಅಸಿಸ್ಟೆಂಟ್ ಕಾರ್ಲ್ ಲ್ಯಾಂಗರ್ ಕೆಲಸ ಮಾಡ್ತಿದ್ದರು. ಅನಿಲದಲ್ಲಿನ ಕಾರ್ಬನ್ ಮಾನಾಕ್ಸೈಡ್ ಅದರ ಪ್ಲಾಟಿನಂ ಅನ್ನು ಹಾಳು ಮಾಡ್ತಿತ್ತು. ಅದನ್ನ ತೆಗೆದುಹಾಕೋಕೆ ಬಿಸಿ ನಿಕಲ್ ಬಳಸ್ತಿದ್ದರು.

ಜ್ವಾಲೆ ಬಣ್ಣ ಬದಲಾದಾಗ

ಮಾಂಡ್ 1884ರಲ್ಲಿ ಲಂಡನ್‌ಗೆ ಬಂದು, ಮನೆಯ ಕುದುರೆ ಲಾಯವನ್ನೇ ಲ್ಯಾಬ್ ಮಾಡಿಕೊಂಡಿದ್ದರು. ಅಲ್ಲಿ 1889ರ ಹೊತ್ತಿಗೆ ಲ್ಯಾಂಗರ್ ಮತ್ತು ಫ್ರೆಡ್ರಿಕ್ ಕ್ವಿಂಕೆ ಜೊತೆ ಸೇರಿ ಪ್ರಯೋಗ ಶುರು ಮಾಡಿದರು. ತುಂಬಾ ನುಣ್ಣಗಿನ ನಿಕಲ್ ಪುಡಿಯನ್ನು ಗಾಜಿನ ಕೊಳವೆಯಲ್ಲಿ ಇಟ್ಟು ಬಿಸಿ ಮಾಡಿ, ಅದರ ಮೇಲೆ ಕಾರ್ಬನ್ ಮಾನಾಕ್ಸೈಡ್ ಹಾಯಿಸೋದು. ಇದು ವಿಷಾನಿಲ, ರೂಮಿನಲ್ಲಿ ತುಂಬಿಕೊಂಡರೆ ಜೀವಕ್ಕೆ ಅಪಾಯ. ಅದಕ್ಕೆ ಕೊಳವೆಯ ತುದಿಯಲ್ಲಿ ಹೊರಗೆ ಬರೋ ಅನಿಲವನ್ನು ಬರ್ನರ್‌ನಲ್ಲಿ ಉರಿಸಿ ಬಿಡ್ತಿದ್ದರು.

ಕಾರ್ಬನ್ ಮಾನಾಕ್ಸೈಡ್ ಉರಿದರೆ ಮಂದ ನೀಲಿ ಜ್ವಾಲೆ. ಒಂದು ಸಲ ಪ್ರಯೋಗ ಮುಗಿದು ಕೊಳವೆ ತಣ್ಣಗಾಗ್ತಾ ಇತ್ತು, ಅನಿಲ ಇನ್ನೂ ಹರೀತಿತ್ತು. ನಿಕಲ್‌ನ ಬಿಸಿ 100 ಡಿಗ್ರಿಗಿಂತ ಕೆಳಗೆ ಇಳೀತಿದ್ದ ಹಾಗೆ ಆ ಮಂದ ಜ್ವಾಲೆ ಪ್ರಕಾಶಮಾನವಾಗಿ ಬೆಳಗೋಕೆ ಶುರುವಾಯ್ತು.

ಯೋಚಿಸಿ. ಪ್ರಯೋಗ ಮುಗಿದಿದೆ. ರೀಡಿಂಗ್ ಬರೆದು ಆಗಿದೆ. ಆ ಜ್ವಾಲೆ ಇದ್ದದ್ದೇ ಸೇಫ್ಟಿಗೆ, ಅದು ಪ್ರಯೋಗದ ಭಾಗವೇ ಅಲ್ಲ. ಆದರೂ ಬುನ್ಸೆನ್ ಅವರ ಶಿಷ್ಯ ಜ್ವಾಲೆಯ ಬಣ್ಣವನ್ನು ಬಿಟ್ಟುಬಿಡಲಿಲ್ಲ.

ಮೊದಲು ಬಂದ ಅನುಮಾನ, ನಿಕಲ್‌ನಲ್ಲಿ ಏನೋ ಕಲಬೆರಕೆ ಇರಬೇಕು ಅಂತ. ಹೊರಗೆ ಬರೋ ಅನಿಲವನ್ನು ಬಿಸಿ ಗಾಜಿನ ಕೊಳವೆಯಲ್ಲಿ ಹಾಯಿಸಿದರು. ಗಾಜಿನ ಒಳಗೋಡೆಗೆ ಹೊಳೆಯುವ ಲೋಹದ ಕನ್ನಡಿ ಅಂಟಿಕೊಂಡಿತು. ಆ ಕನ್ನಡಿಯನ್ನು ಪರೀಕ್ಷೆ ಮಾಡಿದರು. ಅದು ಕಲಬೆರಕೆ ಅಲ್ಲ, ನಿಕಲ್ಲೇ.

ಇದು ಆಗಿನ ಕೆಮಿಸ್ಟ್‌ಗಳು ಸುಲಭವಾಗಿ ನಂಬೋ ವಿಷಯ ಆಗಿರಲಿಲ್ಲ. ನಿಕಲ್ ಕರಗಬೇಕು ಅಂದರೇ 1455 ಡಿಗ್ರಿ ಬೇಕು. ಅಂಥ ಲೋಹ ನೀರು ಕುದಿಯೋದಕ್ಕಿಂತ ಕಮ್ಮಿ ಬಿಸಿಯಲ್ಲಿ ಅನಿಲದ ಜೊತೆ ಎದ್ದು ಹೊರಟಿದೆ. ಆ ಅನಿಲವನ್ನು ಮಂಜುಗಡ್ಡೆ ಮತ್ತು ಉಪ್ಪಿನ ಮಿಶ್ರಣದಲ್ಲಿ ತಣಿಸಿದಾಗ ನೀರಿನ ಹಾಗೆ ಬಣ್ಣವಿಲ್ಲದ ದ್ರವ ಸಿಕ್ಕಿತು. ಕುದಿಯೋ ಬಿಂದು 43 ಡಿಗ್ರಿ, ಅಂದರೆ ಸ್ನಾನದ ಬಿಸಿನೀರಿನಷ್ಟು. ಲೆಕ್ಕ ಹಾಕಿದರೆ ಒಂದು ನಿಕಲ್ ಪರಮಾಣುವಿಗೆ ನಾಲ್ಕು ಕಾರ್ಬನ್ ಮಾನಾಕ್ಸೈಡ್. 1890ರಲ್ಲಿ ಮೂವರೂ ಸೇರಿ ಲಂಡನ್ನಿನ ಕೆಮಿಕಲ್ ಸೊಸೈಟಿಯ ಜರ್ನಲ್‌ನಲ್ಲಿ ಇದನ್ನ ಪ್ರಕಟಿಸಿದರು. ಮುಂದಿನ ವರ್ಷವೇ ಐದು ಕಾರ್ಬನ್ ಮಾನಾಕ್ಸೈಡ್ ಹೊತ್ತ ಕಬ್ಬಿಣದ ಕಾರ್ಬೊನಿಲ್ ಕೂಡ ಸಿಕ್ಕಿತು. ಅದೇ 1891ರಲ್ಲಿ ಮಾಂಡ್ ರಾಯಲ್ ಸೊಸೈಟಿಯ ಫೆಲೋ ಆದರು.

ಹದಿನೆಂಟರ ಲೆಕ್ಕ

ಯಾಕೆ ನಾಲ್ಕು, ಯಾಕೆ ಐದು ಅನ್ನೋದಕ್ಕೆ ಆಗಿನ ವೇಲೆನ್ಸಿ ಥಿಯರಿಯಲ್ಲಿ ಉತ್ತರ ಇರಲಿಲ್ಲ. ಎಲೆಕ್ಟ್ರಾನ್ ಅನ್ನೋದು ಕಂಡುಹಿಡಿದಿದ್ದೇ 1897ರಲ್ಲಿ. ಇವತ್ತು ನಮಗೆ ಅದು ಬೆರಳಲ್ಲಿ ಎಣಿಸೋ ಲೆಕ್ಕ. ನಿಕಲ್‌ನ ಹೊರಕವಚದಲ್ಲಿ 10 ಎಲೆಕ್ಟ್ರಾನ್. ಒಂದೊಂದು ಕಾರ್ಬನ್ ಮಾನಾಕ್ಸೈಡ್ 2 ಕೊಡುತ್ತೆ. ನಾಲ್ಕು ಸೇರಿದರೆ 8, ಒಟ್ಟು 18. ಅದು ಕ್ರಿಪ್ಟಾನ್‌ನ ಹಾಗೆ ತುಂಬಿದ ಕವಚ, ಆರಾಮಾಗಿ ಇರುತ್ತೆ. ಕಬ್ಬಿಣಕ್ಕೆ 8 ಇದೆ, ಐದು ಸೇರಿದರೆ 18.

ಮಜಾ ಬರೋದು ಕೋಬಾಲ್ಟ್‌ನಲ್ಲಿ. ಅದರ ಹತ್ತಿರ 9 ಇದೆ, ಬೆಸ ಸಂಖ್ಯೆ. ನಾಲ್ಕು ಸೇರಿದರೆ 17, ಒಂದು ಕಮ್ಮಿ. ಐದು ಸೇರಿದರೆ 19, ಒಂದು ಜಾಸ್ತಿ. ಹಾಗಾಗಿ ಕೋಬಾಲ್ಟ್ ಒಂಟಿಯಾಗಿ ಇರಲ್ಲ. ಎರಡು ಕೋಬಾಲ್ಟ್ ಕೈ ಹಿಡಿದುಕೊಂಡು, ಒಟ್ಟು ಎಂಟು ಕಾರ್ಬನ್ ಮಾನಾಕ್ಸೈಡ್ ಇಟ್ಟುಕೊಂಡು ಕೊರತೆ ತುಂಬಿಕೊಳ್ಳುತ್ತವೆ. ಮಾಂಡ್ ತಮ್ಮ ಕೊನೆಯ ವರ್ಷಗಳಲ್ಲಿ ಹೆನ್ರಿಕ್ ಹಿರ್ಟ್ಸ್ ಮತ್ತು ಡಾಲ್ಟನ್ ಕೋವಪ್ ಜೊತೆ ಸೇರಿ ತಯಾರಿಸಿದ್ದು ಇದನ್ನೇ. ಕೋಬಾಲ್ಟ್ ಪುಡಿಯನ್ನು ಗಟ್ಟಿ ಪಾತ್ರೆಯಲ್ಲಿ ಹಾಕಿ, ಹೆಚ್ಚು ಒತ್ತಡದಲ್ಲಿ ಕಾರ್ಬನ್ ಮಾನಾಕ್ಸೈಡ್ ಜೊತೆ ಬಿಸಿ ಮಾಡಿದಾಗ ಕಿತ್ತಳೆ ಬಣ್ಣದ ಹರಳು ಬಂತು. ಆ ಹರಳನ್ನು 50 ಡಿಗ್ರಿ ದಾಟಿಸಿ ಮೆಲ್ಲಗೆ ಬಿಸಿ ಮಾಡಿದರೆ ಒಂದಷ್ಟು ಕಾರ್ಬನ್ ಮಾನಾಕ್ಸೈಡ್ ಬಿಟ್ಟುಕೊಟ್ಟು ಕಪ್ಪು ಹರಳಾಗುತ್ತೆ.

ಆ ಕಪ್ಪು ಹರಳಿನಲ್ಲಿ ಒಂದು ಕೋಬಾಲ್ಟ್‌ಗೆ ಮೂರು ಕಾರ್ಬನ್ ಮಾನಾಕ್ಸೈಡ್ ಲೆಕ್ಕ ಬರುತ್ತೆ. 9 ಕೂಡಿಸು 6, ಬರೀ 15. ಇನ್ನೂ ಮೂರು ಬೇಕು. ಉತ್ತರ ಏನಂದರೆ ನಾಲ್ಕು ಕೋಬಾಲ್ಟ್‌ಗಳು ಸೇರಿ ಟೆಟ್ರಾಹೆಡ್ರನ್ ಆಗಿ ನಿಲ್ಲುತ್ತವೆ. ಪ್ರತಿಯೊಂದಕ್ಕೂ ಉಳಿದ ಮೂರರ ಜೊತೆ ಬಂಧ, ಅಲ್ಲಿಂದ ಮೂರು ಎಲೆಕ್ಟ್ರಾನ್, ಒಟ್ಟು 18. ಸುತ್ತ ಹನ್ನೆರಡು ಕಾರ್ಬನ್ ಮಾನಾಕ್ಸೈಡ್. ಇವತ್ತು ಇಂಥದ್ದಕ್ಕೆ ಮೆಟಲ್ ಕಾರ್ಬೊನಿಲ್ ಕ್ಲಸ್ಟರ್ ಅಂತಾರೆ. ಅಂದರೆ ಒಂದು ಲೋಹದ ತುಣುಕಿನ ಅತಿ ಚಿಕ್ಕ ಮಾದರಿ, ಮೈಮೇಲೆ ಅನಿಲದ ಹೊದಿಕೆ. ಲೋಹದ ಕ್ಯಾಟಲಿಸ್ಟ್ ಮೇಲೆ ಕಾರ್ಬನ್ ಮಾನಾಕ್ಸೈಡ್ ಹೇಗೆ ಕೂರುತ್ತೆ ಅಂತ ಅರ್ಥ ಮಾಡಿಕೊಳ್ಳೋಕೆ ವಿಜ್ಞಾನಿಗಳು ಇಂಥ ಕ್ಲಸ್ಟರ್‌ಗಳನ್ನು ಮಾದರಿಯಾಗಿ ಇಟ್ಟುಕೊಂಡು ಕೆಲಸ ಮಾಡಿದ್ದಾರೆ. ಮಾಂಡ್ ಅವರಿಗೆ ಈ ಟೆಟ್ರಾಹೆಡ್ರನ್ ಕಾಣಲಿಲ್ಲ. ಎಕ್ಸ್-ರೇ ಹರಳು ವಿಜ್ಞಾನ ಅದನ್ನ ತೋರಿಸಿದ್ದು ಸುಮಾರು ಅರ್ಧ ಶತಮಾನದ ನಂತರ. ಅವರ ಹತ್ತಿರ ಇದ್ದದ್ದು ತೂಕ, ಬಣ್ಣ ಮತ್ತು ಹೊರಬಂದ ಅನಿಲದ ಅಳತೆ ಅಷ್ಟೇ.

ಈರುಳ್ಳಿಯ ಹಾಗೆ ಬೆಳೆಯೋ ಲೋಹ

ಮತ್ತೆ ನಿಕಲ್‌ಗೆ ಬರೋಣ. ಜ್ವಾಲೆ ಬೆಳಗಿದ್ದು ನೋಡಿ ಪೇಪರ್ ಬರೆದು ಸುಮ್ಮನಾಗೋ ಮನುಷ್ಯ ಮಾಂಡ್ ಅಲ್ಲ. ಕಡಿಮೆ ಬಿಸಿಯಲ್ಲಿ, ಸಾಮಾನ್ಯ ಒತ್ತಡದಲ್ಲಿ ನಿಕಲ್ ಬೇಗ ಆವಿಯಾಗುತ್ತೆ. ಕೋಬಾಲ್ಟ್, ತಾಮ್ರ ಕದಲಲ್ಲ, ಕಬ್ಬಿಣ ತುಂಬಾ ನಿಧಾನ. ಹಾಗಾದರೆ ಅದಿರಿನ ಗೊಜ್ಜಿನಿಂದ ನಿಕಲ್ ಒಂದನ್ನೇ ಎಬ್ಬಿಸಿ ಕರ್ಕೊಂಡು ಬರಬಹುದಲ್ಲ!

1892ರಲ್ಲಿ ಬರ್ಮಿಂಗ್‌ಹ್ಯಾಮ್ ಹತ್ತಿರದ ಸ್ಮೆಥ್‌ವಿಕ್‌ನಲ್ಲಿ ಪೈಲಟ್ ಪ್ಲಾಂಟ್ ಕಟ್ಟಿದರು. ಕೆನಡಾದ ಸಡ್‌ಬರಿಯಲ್ಲಿ ನಿಕಲ್ ಮತ್ತು ತಾಮ್ರ ಎರಡೂ ಬೆರೆತ ಅದಿರು ಬೇಕಾದಷ್ಟು ಇತ್ತು, ಆದರೆ ಎರಡನ್ನೂ ಬೇರೆ ಮಾಡೋದು ಕಷ್ಟ. ಮಾಂಡ್ ಅಲ್ಲಿ ಗಣಿ ಕೊಂಡರು. 1900ರಲ್ಲಿ ಮಾಂಡ್ ನಿಕಲ್ ಕಂಪನಿ ಹುಟ್ಟಿತು. 1902ರಲ್ಲಿ ವೇಲ್ಸ್‌ನ ಸ್ವಾನ್ಸಿ ಹತ್ತಿರ ಕ್ಲಿಡಾಕ್ ಅನ್ನೋ ಊರಲ್ಲಿ ರಿಫೈನರಿ ಶುರುವಾಯ್ತು. ಲ್ಯಾಂಗರ್ ಅವರೇ ಅದರ ಉಸ್ತುವಾರಿ.

ಅಲ್ಲಿ ನಡೀತಿದ್ದದ್ದು ಹೀಗೆ. ಅದಿರನ್ನು ಹುರಿದು, ಆಸಿಡ್‌ನಿಂದ ತಾಮ್ರವನ್ನು ತೊಳೆದು ತೆಗೆದು, ಉಳಿದ ನಿಕಲ್ ಆಕ್ಸೈಡನ್ನು ಹೈಡ್ರೋಜನ್ ಇರೋ ಅನಿಲದಿಂದ ಲೋಹದ ಪುಡಿ ಮಾಡೋದು. ಆ ಪುಡಿಯ ಮೇಲೆ ಸುಮಾರು 50ರಿಂದ 60 ಡಿಗ್ರಿಯಲ್ಲಿ ಕಾರ್ಬನ್ ಮಾನಾಕ್ಸೈಡ್ ಹಾಯಿಸಿದರೆ ನಿಕಲ್ ಆವಿಯಾಗಿ ಪೈಪ್ ಹತ್ತುತ್ತೆ. ಮುಂದಿನ ಟವರ್‌ನಲ್ಲಿ ಸಣ್ಣ ಸಣ್ಣ ನಿಕಲ್ ಗುಂಡುಗಳು ಸುಮಾರು 180 ಡಿಗ್ರಿ ಬಿಸಿಯಲ್ಲಿ ಕಾಯ್ತಾ ಇರುತ್ತವೆ. ಆವಿ ಅಲ್ಲಿ ಒಡೆದು ನಿಕಲ್ ಗುಂಡಿನ ಮೈಗೆ ಅಂಟುತ್ತೆ, ಕಾರ್ಬನ್ ಮಾನಾಕ್ಸೈಡ್ ಬಿಡುಗಡೆಯಾಗಿ ಮತ್ತೆ ಮೊದಲ ಟವರ್‌ಗೆ ಹೋಗುತ್ತೆ. ಪದರದ ಮೇಲೆ ಪದರ ಬೆಳೆದ ಆ ಗುಂಡನ್ನು ಕತ್ತರಿಸಿ ನೋಡಿದರೆ ಒಳಗೆ ಈರುಳ್ಳಿಯ ಹಾಗೆ ಸುತ್ತುಗಳು ಕಾಣುತ್ತವೆ. ಶುದ್ಧತೆ ಶೇಕಡಾ 99.9ರ ಆಸುಪಾಸು. ಹೊತ್ತು ತಂದ ಅನಿಲ ಖಾಲಿಯಾಗಲ್ಲ, ಬಸ್ಸಿನ ಹಾಗೆ ಇಳಿಸಿ ವಾಪಸ್ ಹೋಗುತ್ತೆ. ವೇಸ್ಟ್ ಕಂಡರೆ ಆಗದ ಮನುಷ್ಯನಿಗೆ ಇದಕ್ಕಿಂತ ಚಂದದ ಪ್ಲಾಂಟ್ ಇನ್ನೇನಿದೆ?

ಲೆಕ್ಕಕ್ಕೆ ಸಿಗದ ಸೋರಿಕೆ

ಇಲ್ಲಿಗೆ ನಿಲ್ಲಿಸಿದರೆ ಇದು ಸಕ್ಸಸ್ ಸ್ಟೋರಿ. ಆದರೆ ಪುಸ್ತಕದ ಎರಡು ಸಾಲಿನಲ್ಲಿ ಇಲ್ಲದ ಇನ್ನೊಂದು ವಿಷಯ ಇದೆ.

ನಿಕಲ್ ಕಾರ್ಬೊನಿಲ್ ಭಯಂಕರ ವಿಷ. ಅದರ ಮೋಸ ಏನಂದರೆ, ಉಸಿರಾಡಿದ ತಕ್ಷಣ ಬರೋದು ತಲೆನೋವು, ತಲೆಸುತ್ತು ಅಷ್ಟೇ. ಹೊರಗೆ ಗಾಳಿಗೆ ಬಂದರೆ ಕಮ್ಮಿ ಆದ ಹಾಗೆ ಅನಿಸುತ್ತೆ. ಆಮೇಲೆ, ಕೆಲವು ಗಂಟೆ ಅಥವಾ ಒಂದೆರಡು ದಿನ ಕಳೆದ ಮೇಲೆ, ಶ್ವಾಸಕೋಶ ಕೈಕೊಡುತ್ತೆ. ಕ್ಲಿಡಾಕ್ ಪ್ಲಾಂಟ್ ಶುರುವಾದ ಮೊದಲ ಕೆಲವು ವರ್ಷಗಳಲ್ಲೇ ಈ ಅನಿಲ ಸೋರಿ ಕಾರ್ಮಿಕರು ಸತ್ತರು. ಪ್ಲಾಂಟ್ ನಿಲ್ಲಿಸಿ ಸರಿಪಡಿಸಬೇಕಾಯ್ತು.

ಇದು ಕಣ್ಣಿಗೆ ಕಂಡ ಸೋರಿಕೆ. ಕಾಣದ್ದು ಇನ್ನೊಂದಿತ್ತು. 1930ರ ದಶಕದ ಆರಂಭದಲ್ಲಿ ಕ್ಲಿಡಾಕ್‌ನ ಹಳೇ ಕೆಲಸಗಾರರಲ್ಲಿ ಮೂಗಿನ ಕ್ಯಾನ್ಸರ್ ಕಾಣಿಸಿಕೊಳ್ತಿದೆ ಅನ್ನೋದು ಅಧಿಕಾರಿಗಳ ಗಮನಕ್ಕೆ ಬಂತು. ಶ್ವಾಸಕೋಶದ ಕ್ಯಾನ್ಸರ್ ಕೂಡ. ಮೂಗಿನ ಕ್ಯಾನ್ಸರ್ ತುಂಬಾ ಅಪರೂಪದ ಕಾಯಿಲೆ, ಒಂದೇ ಫ್ಯಾಕ್ಟರಿಯಲ್ಲಿ ಇಷ್ಟು ಜನಕ್ಕೆ ಬರೋದು ಕಾಕತಾಳೀಯ ಅಲ್ಲ. ಸಿಗರೇಟಿಗೂ ಶ್ವಾಸಕೋಶದ ಕ್ಯಾನ್ಸರ್‌ಗೂ ಇರೋ ನಂಟು ತೋರಿಸಿದ ರಿಚರ್ಡ್ ಡಾಲ್ ಅವರು ಮುಂದೆ ಈ ಕಾರ್ಮಿಕರ ಬಗ್ಗೆಯೂ ಅಧ್ಯಯನ ಮಾಡಿದರು. ಅಪಾಯ ಹೆಚ್ಚಾಗಿ ಇದ್ದದ್ದು 1930ಕ್ಕಿಂತ ಮೊದಲು ಕೆಲಸಕ್ಕೆ ಸೇರಿದವರಿಗೆ. ಮುಖ್ಯ ಅನುಮಾನ ಹೋಗಿದ್ದು ಆವಿಯ ಮೇಲಲ್ಲ, ಅದಕ್ಕೂ ಮೊದಲ ಹಂತದಲ್ಲಿ ಅದಿರು ಹುರಿಯುವಾಗ ಏಳುತ್ತಿದ್ದ ನಿಕಲ್‌ನ ಧೂಳಿನ ಮೇಲೆ.

ಅಮೋನಿಯಾ ಸೋರಿದರೆ ವರ್ಷದ ಕೊನೆಯ ಲೆಕ್ಕದಲ್ಲಿ ಕಾಣುತ್ತೆ. ವಾಲ್ವ್ ಸೋರಿದರೆ ಅದೇ ದಿನ ಕಾಣುತ್ತೆ. ಕೆಲಸಗಾರನ ಮೂಗಿನೊಳಗೆ ಹೋದ ಧೂಳು ಕಾಣೋಕೆ ಇಪ್ಪತ್ತು ಮೂವತ್ತು ವರ್ಷ ಬೇಕು. ಅಷ್ಟು ಹೊತ್ತಿಗೆ ಪ್ಲಾಂಟ್ ಡಿಸೈನ್ ಮಾಡಿದವರು ತೀರಿಕೊಂಡಿರುತ್ತಾರೆ. ಮಾಂಡ್ ಕೆಟ್ಟ ಮಾಲೀಕ ಆಗಿದ್ದರೆ ಇದನ್ನ ಅವರ ಮೇಲೆ ಹಾಕಿ ಸುಮ್ಮನಾಗಬಹುದಿತ್ತು. ಆದರೆ ಅವರು ಸಂಬಳದ ರಜೆ ಕೊಟ್ಟವರು, ಶಿಫ್ಟ್ ಇಳಿಸಿದವರು, ವಿಷಾನಿಲವನ್ನು ಸೇಫ್ಟಿಗೆ ಅಂತ ಉರಿಸಿ ಬಿಡ್ತಿದ್ದವರು. ಕಣ್ಣಿಟ್ಟು ನೋಡೋ ಅಂಥ ಮನುಷ್ಯನ ಕಣ್ಣಿಗೂ ಅಳತೆಗೆ ಸಿಗದ್ದು ಕಾಣಲಿಲ್ಲ ಅನ್ನೋದೇ ಭಯ ಹುಟ್ಟಿಸೋ ವಿಷಯ.

ಕೊನೆಯ ವರ್ಷಗಳು

ದುಡ್ಡು ಬಂದ ಮೇಲೆ ಮಾಂಡ್ ಅದನ್ನ ಎರಡು ಕಡೆ ಹಾಕಿದರು, ವಿಜ್ಞಾನಕ್ಕೆ ಮತ್ತು ಚಿತ್ರಗಳಿಗೆ. 1896ರಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ ಪಕ್ಕದ ಕಟ್ಟಡ ಕೊಂಡು ಡೇವಿ-ಫ್ಯಾರಡೆ ಸಂಶೋಧನಾಲಯ ತೆರೆದು ಕೊಟ್ಟರು. ಯಾವ ದೇಶದವರು, ಗಂಡಸೋ ಹೆಂಗಸೋ ಅನ್ನೋ ಕಾರಣಕ್ಕೆ ಯಾರನ್ನೂ ಹೊರಗೆ ಇಡಬಾರದು ಅನ್ನೋದು ಅದರ ನಿಯಮ. ಇಟಲಿಯ ಹಳೇ ಚಿತ್ರಗಳ ಸಂಗ್ರಹ ಮಾಡಿದರು. ರಫಾಯೆಲ್ ಬರೆದ ಯೇಸುವಿನ ಶಿಲುಬೆಯ ಒಂದು ಚಿತ್ರಕ್ಕೆ ಇವತ್ತಿಗೂ ಮಾಂಡ್ ಹೆಸರು ಅಂಟಿಕೊಂಡಿದೆ. ಆ ಸಂಗ್ರಹದ ನಲವತ್ತಕ್ಕೂ ಹೆಚ್ಚು ಚಿತ್ರಗಳು ಫ್ರೀಡಾ ತೀರಿಕೊಂಡ ಮೇಲೆ ಲಂಡನ್ನಿನ ನ್ಯಾಷನಲ್ ಗ್ಯಾಲರಿಗೆ ಹೋದವು.

1909ರ ಡಿಸೆಂಬರ್ 11ರಂದು ಲಂಡನ್ನಿನ ಮನೆಯಲ್ಲಿ ಮಾಂಡ್ ತೀರಿಕೊಂಡರು. ಹಿರ್ಟ್ಸ್ ಮತ್ತು ಕೋವಪ್ ಜೊತೆಗಿನ ಹೊಸ ಕಾರ್ಬೊನಿಲ್‌ಗಳ ಪೇಪರ್ ಪ್ರಕಟವಾಗಿದ್ದು ಮುಂದಿನ ವರ್ಷ, 1910ರಲ್ಲಿ. ಕೋಬಾಲ್ಟ್ ಅಲ್ಲದೆ ಮಾಲಿಬ್ಡಿನಂ, ರುಥೇನಿಯಂ ಕಾರ್ಬೊನಿಲ್‌ಗಳೂ ಅದರಲ್ಲಿದ್ದವು. ಹಿರಿ ಮಗ ರಾಬರ್ಟ್ ಕೆಮಿಸ್ಟ್ರಿ ಜೊತೆ ಈಜಿಪ್ಟಿನ ಸಮಾಧಿಗಳ ಉತ್ಖನನಕ್ಕೆ ಹೆಸರಾದರು. ಇನ್ನೊಬ್ಬ ಮಗ ಆಲ್ಫ್ರೆಡ್ ಬ್ರನ್ನರ್ ಮಾಂಡ್ ಜೊತೆ ಇನ್ನೂ ಮೂರು ಕಂಪನಿ ಸೇರಿಸಿ 1926ರಲ್ಲಿ ಐಸಿಐ ಅನ್ನೋ ದೈತ್ಯ ಕಂಪನಿ ಕಟ್ಟಿದರು.

ಕ್ಲಿಡಾಕ್‌ನಲ್ಲಿ ಮಾಂಡ್ ಅವರ ಪ್ರತಿಮೆ ಇದೆ, ಅಗಲವಾದ ಹ್ಯಾಟ್ ಹಾಕಿಕೊಂಡು ನಿಂತಿರೋ ಹಾಗೆ. ರಿಫೈನರಿಯ ಮಾಲೀಕರು ಒಂದೆರಡು ಸಲ ಬದಲಾಗಿದ್ದಾರೆ, ವಿಧಾನ ಅದೇ. ಆ ಊರಿನ ಸ್ಮಶಾನದಲ್ಲಿ ಹುರಿಯೋ ಶೆಡ್‌ನಲ್ಲಿ ದುಡಿದವರೂ ಇದ್ದಾರೆ, ಅವರ ಪ್ರತಿಮೆ ಇಲ್ಲ.

ನಾವು ಇನ್ನು ಎರಡು ವರ್ಷಕ್ಕೆ ಎಂಜಿನಿಯರ್ ಅನಿಸಿಕೊಳ್ತೀವಿ. ಲ್ಯಾಬ್‌ನಲ್ಲಿ ಬರದ ತೊಂದರೆ ಪ್ಲಾಂಟ್‌ನಲ್ಲಿ ಬಂದಾಗ, ಎರಡರ ನಡುವೆ ಏನು ವ್ಯತ್ಯಾಸ ಅಂತ ಕೇಳೋದನ್ನ ಮಾಂಡ್ ಅವರಿಂದ ಕಲೀಬಹುದು. ಹೊರಗೆ ಹೋಗೋ ಪೈಪಿನ ತುದಿಯಲ್ಲಿ ಜ್ವಾಲೆಯ ಬಣ್ಣ ನೋಡೋದನ್ನೂ ಕಲೀಬಹುದು. ಅದರ ಜೊತೆಗೆ ಆ ಪೈಪಿನ ಪಕ್ಕ ದಿನಾ ಎಂಟು ಗಂಟೆ ನಿಲ್ಲೋ ಮನುಷ್ಯ ಏನು ಉಸಿರಾಡ್ತಿದ್ದಾನೆ ಅಂತಲೂ ಅಳೆಯಬೇಕು. ಅದನ್ನ ಕಲಿಸಿದ್ದು ಕ್ಲಿಡಾಕ್‌ನ ಕೆಲಸಗಾರರು.